ಹದಿಹರೆಯದ ಮಕ್ಕಳ ಜೊತೆ ಇಂಗ್ಲೆಂಡಿಗೆ ಹೊರಟಿದ್ದೀರಾ? ಮನೆಗಿಂತ ಮೊದಲು ಸ್ಕೂಲ್ ಸೀಟು ಹುಡುಕಿ

ನಾವು ಬೆಂಗಳೂರಿನಿಂದ ಇಂಗ್ಲೆಂಡಿಗೆ ಬಂದಾಗ ಮಗಳಿಗೆ ಹದಿಮೂರು ವರ್ಷ. ವೀಸಾ, ಟಿಕೆಟ್, ಪಾತ್ರೆ ಪಗಡೆ, ಎಲ್ಲದಕ್ಕೂ ಪಟ್ಟಿ ಮಾಡಿದ್ದೆವು. ಸ್ಕೂಲಿನ ಬಗ್ಗೆ ಮಾತ್ರ ಒಂದೇ ಸಾಲು ಬರೆದುಕೊಂಡಿದ್ದೆವು: ಒಳ್ಳೆ ಸ್ಕೂಲ್ ಹತ್ತಿರ ಮನೆ ಮಾಡುವುದು. ಹಾಗೇ ಮಾಡಿದೆವು. ಎಲ್ಲರೂ ಹೊಗಳುವ ಒಂದು ಸ್ಕೂಲಿನಿಂದ ಐದು ನಿಮಿಷ ನಡೆದರೆ ಮನೆ. ಅಡ್ವಾನ್ಸ್ ಕಟ್ಟಿದ್ದೂ ಆಯಿತು. ಆಮೇಲೆ ಗೊತ್ತಾಯಿತು, ಅವಳ ವಯಸ್ಸಿನ ಮಕ್ಕಳ ತರಗತಿಯಲ್ಲಿ ಅಲ್ಲಿ ಒಂದು ಸೀಟೂ ಖಾಲಿ ಇಲ್ಲ ಅಂತ. ಆರು ವಾರ ಮಗಳು ಮನೆಯಲ್ಲೇ ಇದ್ದಳು. ಬೆಳಿಗ್ಗೆ ಎಂಟೂವರೆಗೆ ಬೇರೆ ಮಕ್ಕಳು ಬ್ಲೇಜರ್ ಹಾಕಿಕೊಂಡು ನಮ್ಮ ಬಾಗಿಲ ಮುಂದೇ ಹೋಗುತ್ತಿದ್ದರು, ಅವಳು ಕಿಟಕಿ ಪರದೆ ಎಳೆದುಬಿಡುತ್ತಿದ್ದಳು.

ನಿಮ್ಮ ಮಗುವಿಗೆ ಹಾಗಾಗಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ. ಇದೆಲ್ಲ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್ ಕಡೆ ಪದ್ಧತಿಯೇ ಬೇರೆ.

ಮೊದಲು ಒಂದು ಲೆಕ್ಕ: ಮಗು ಯಾವ ಇಯರ್‌ಗೆ ಹೋಗುತ್ತದೆ?

ಇಲ್ಲಿ ತರಗತಿ ನಿರ್ಧಾರ ಆಗುವುದು ಮಾರ್ಕ್ಸ್ ಕಾರ್ಡ್ ನೋಡಿ ಅಲ್ಲ, ಹುಟ್ಟಿದ ದಿನ ನೋಡಿ. ಸೆಪ್ಟೆಂಬರ್ 1ರಿಂದ ಆಗಸ್ಟ್ 31ರ ಒಳಗೆ ಹುಟ್ಟಿದವರೆಲ್ಲ ಒಂದು ಇಯರ್. ಸುಲಭದ ಲೆಕ್ಕ ಹೇಳುತ್ತೇನೆ. ಆಗಸ್ಟ್ 31ಕ್ಕೆ ಮಗುವಿಗೆ ಎಷ್ಟು ವರ್ಷ ತುಂಬಿರುತ್ತದೋ ಅದರಲ್ಲಿ 4 ಕಳೆಯಿರಿ. ಮರುದಿನ ಸೆಪ್ಟೆಂಬರ್‌ನಿಂದ ಅದೇ ಅವರ ಇಯರ್. 11 ತುಂಬಿದ್ದರೆ ಇಯರ್ 7, ಅಲ್ಲಿಂದ ಸೆಕೆಂಡರಿ ಶುರು. 14 ತುಂಬಿದ್ದರೆ ಇಯರ್ 10.

ಇದರಿಂದ ಏನಾಗುತ್ತದೆ ನೋಡಿ. ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಮಕ್ಕಳು, ಒಬ್ಬಳು ಆಗಸ್ಟ್ 28ಕ್ಕೆ ಹುಟ್ಟಿದವಳು, ಇನ್ನೊಬ್ಬಳು ಅದೇ ವರ್ಷ ಸೆಪ್ಟೆಂಬರ್ 3ಕ್ಕೆ. ಇಲ್ಲಿಗೆ ಬಂದರೆ ಒಬ್ಬಳು ಇಯರ್ 11, ಇನ್ನೊಬ್ಬಳು ಇಯರ್ 10. ಒಬ್ಬಳಿಗೆ ದೊಡ್ಡ ಪರೀಕ್ಷೆಗೆ ಎಂಟು ತಿಂಗಳು, ಇನ್ನೊಬ್ಬಳಿಗೆ ಒಂದು ವರ್ಷ ಎಂಟು ತಿಂಗಳು! ಹಾಗಾಗಿ ಊರು, ಸ್ಕೂಲ್, ಮನೆ ಯಾವುದನ್ನೂ ನೋಡುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ. ನಮ್ಮ ಒಂಬತ್ತನೇ ಕ್ಲಾಸ್ ಸುಮಾರಾಗಿ ಇಲ್ಲಿನ ಇಯರ್ 10, ಎಂಟನೇ ಕ್ಲಾಸ್ ಇಯರ್ 9. ಆದರೆ ಬೆಂಗಳೂರಿನಲ್ಲಿ ಬೇಗ ಸ್ಕೂಲಿಗೆ ಹಾಕಿದ ಮಕ್ಕಳು ಇಲ್ಲಿ ಒಂದು ವರ್ಷ ಹಿಂದೆ ಹೋದ ಹಾಗೆ ಕಾಣುತ್ತದೆ. "ಅಯ್ಯೋ, ಒಂದು ವರ್ಷ ಹೋಯಿತಲ್ಲ" ಅಂತ ಬೇಜಾರು ಮಾಡಿಕೊಳ್ಳಬೇಡಿ. ಹೊಸ ದೇಶಕ್ಕೆ ಬಂದ ಮಗುವಿಗೆ ಉಸಿರಾಡಲು ಸಿಕ್ಕ ಸಮಯ ಅದು. ಮೇಲಿನ ಇಯರ್‌ಗೆ ಹಾಕಿ ಅಂತ ಕೇಳಬಹುದು, ಆದರೆ ಒಪ್ಪುವುದು ಅಪರೂಪ, ಕೇಳಲೂಬೇಡಿ ಅಂತಲೇ ನನ್ನ ಸಲಹೆ.

ಬರುವ ತಿಂಗಳು ನಿಮ್ಮ ಕೈಯಲ್ಲಿದ್ದರೆ

ಇಯರ್ 10 ಮತ್ತು 11 ಸೇರಿ ಜಿಸಿಎಸ್‌ಇ, ಮೇಲೆ ಹೇಳಿದ ದೊಡ್ಡ ಪರೀಕ್ಷೆ ಇದೇ, ನಮ್ಮ ಎಸ್‌ಎಸ್‌ಎಲ್‌ಸಿ ಇದ್ದ ಹಾಗೆ. ಇಯರ್ 11ರ ಮೇ, ಜೂನ್‌ನಲ್ಲಿ ಪರೀಕ್ಷೆ, ಗ್ರೇಡ್ 9ರಿಂದ 1ರವರೆಗೆ, 9 ಎಲ್ಲಕ್ಕಿಂತ ಮೇಲೆ. ಸಾಮಾನ್ಯವಾಗಿ ಎಂಟರಿಂದ ಹತ್ತು ವಿಷಯ. ಇಂಗ್ಲಿಷ್ ಭಾಷೆ, ಗಣಿತ, ವಿಜ್ಞಾನ ಎಲ್ಲರಿಗೂ, ಇಂಗ್ಲಿಷ್ ಸಾಹಿತ್ಯವೂ ಹೆಚ್ಚುಕಡಿಮೆ ಎಲ್ಲರಿಗೂ. ಉಳಿದದ್ದು ಮಕ್ಕಳು ಆರಿಸಿಕೊಳ್ಳುವ ಆಪ್ಷನ್ಸ್. ಈ ಆಯ್ಕೆ ಸಾಮಾನ್ಯವಾಗಿ ಇಯರ್ 9ರಲ್ಲಿ ನಡೆಯುತ್ತದೆ, ಕೆಲವು ಕಡೆ ಇಯರ್ 8ರಲ್ಲೇ.

ಹಾಗಾಗಿ ಇಯರ್ 7, 8, 9ರಲ್ಲಿ ಬಂದರೆ ತೊಂದರೆ ಕಡಿಮೆ. ಇಯರ್ 10 ಶುರುವಾಗುವ ಸೆಪ್ಟೆಂಬರ್‌ಗೆ ಬಂದರೂ ಸರಿ. ಇಯರ್ 10ರ ಮಧ್ಯೆ ಬಂದರೆ ಕಷ್ಟ, ಯಾಕೆಂದರೆ ಬೇಕಾದ ಆಪ್ಷನ್‌ನಲ್ಲಿ ಜಾಗ ಇರುವುದಿಲ್ಲ, ಕಂಪ್ಯೂಟರ್ ಸೈನ್ಸ್ ಬೇಕು ಅಂದರೆ ಡ್ರಾಮಾ ಸಿಗಬಹುದು. ಇಯರ್ 11ರ ಮಧ್ಯೆ ಅಂತೂ, ನಿಮಗೆ ಬೇರೆ ದಾರಿ ಇದ್ದರೆ ದಯವಿಟ್ಟು ಬೇಡ.

ಬೇರೆ ದಾರಿ ಅಂದರೆ ಯಾವುದು? ಮಗು ಅಲ್ಲಿ ಹತ್ತನೇ ಕ್ಲಾಸಿನಲ್ಲಿದ್ದರೆ ಒಬ್ಬರು ಮೊದಲು ಬನ್ನಿ, ಇನ್ನೊಬ್ಬರು ಮಗುವಿನ ಜೊತೆ ಅಲ್ಲೇ ಇದ್ದು ಎಸ್‌ಎಸ್‌ಎಲ್‌ಸಿಯೋ ಸಿಬಿಎಸ್‌ಇಯೋ ಮುಗಿಸಿಕೊಂಡು ಬರಲಿ. 16 ತುಂಬಿದ್ದರೆ ಸೆಪ್ಟೆಂಬರ್‌ಗೆ ನೇರ ಇಯರ್ 12, ಅಂದರೆ ಸಿಕ್ಸ್ತ್ ಫಾರ್ಮ್. ನಮ್ಮ ಪಿಯುಸಿ ಇದ್ದ ಹಾಗೆ, ಆದರೆ ಅಲ್ಲಿ ಓದುವ ಎ ಲೆವೆಲ್ ಅನ್ನುವ ಕೋರ್ಸಿನಲ್ಲಿ ಸಾಮಾನ್ಯವಾಗಿ ಮೂರೇ ವಿಷಯ. ಅಜ್ಜಿ ತಾತನ ಮನೆಯಲ್ಲಿ ಆರು ತಿಂಗಳು ಇದ್ದು ಪರೀಕ್ಷೆ ಬರೆದು ಬಂದ ಮಕ್ಕಳನ್ನು ನೋಡಿದ್ದೇನೆ, ಮಧ್ಯದಲ್ಲಿ ಕಿತ್ತುಕೊಂಡು ಬಂದವರಿಗಿಂತ ಬೇಗ ಬೇರು ಬಿಟ್ಟಿದ್ದಾರೆ. ಒಂದು ವಿಷಯ: ಹತ್ತನೇ ಕ್ಲಾಸಿನ ಮಾರ್ಕ್ಸ್ ಇಲ್ಲಿನ ಯಾವ ಗ್ರೇಡಿಗೆ ಸಮ ಅಂತ ಹೇಳುವ ಪತ್ರವನ್ನು ಕೆಲವು ಕಾಲೇಜುಗಳು ಕೇಳುತ್ತವೆ. ಅದನ್ನು ಕೊಡುವ ಸಂಸ್ಥೆ ಯುಕೆ ಎನಿಕ್. ಮೊದಲೇ ಮಾಡಿಸಿಕೊಳ್ಳಿ.

ಇಂಗ್ಲಿಷ್ ಸಾಹಿತ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಮಕ್ಕಳು ಗಣಿತ, ವಿಜ್ಞಾನ ಹೇಗೋ ಹಿಡಿದುಬಿಡುತ್ತಾರೆ. ಎಡವುವುದು ಇಲ್ಲಿ. ಒಂದು ಶೇಕ್ಸ್‌ಪಿಯರ್ ನಾಟಕ, ಹತ್ತೊಂಬತ್ತನೇ ಶತಮಾನದ ಒಂದು ಕಾದಂಬರಿ, ಕವಿತೆಗಳು, ಇಷ್ಟನ್ನೂ ಓದಿಕೊಂಡು, ಪುಸ್ತಕ ಮುಂದಿಟ್ಟುಕೊಳ್ಳದೆ ಪ್ರಬಂಧ ಬರೆಯಬೇಕು. ಗೈಡ್ ನೋಡಿ ಬಾಯಿಪಾಠ ಮಾಡಿದರೆ ಸಾಲದು. ಸ್ಕೂಲ್ ಗೊತ್ತಾದ ತಕ್ಷಣ ಯಾವ ಪುಸ್ತಕಗಳು ಅಂತ ಕೇಳಿ, ಬೆಂಗಳೂರಿನಲ್ಲಿದ್ದಾಗಲೇ ಓದಲು ಶುರು ಮಾಡಿಸಿ. ಇದೊಂದು ಕೆಲಸದಿಂದ ಎಷ್ಟು ಭಾರ ಇಳಿಯುತ್ತದೆ ಅಂತ ಬಂದ ಮೇಲೆ ಗೊತ್ತಾಗುತ್ತದೆ.

ಯಾವ ಯಾವ ಥರದ ಸ್ಕೂಲುಗಳು?

ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬರುವವರ ಜೊತೆ ಡಿಪೆಂಡೆಂಟ್ ಆಗಿ ಬರುವ ಮಕ್ಕಳಿಗೆ ಸರ್ಕಾರಿ ಸ್ಕೂಲು ಪೂರ್ತಿ ಉಚಿತ. ಸರ್ಕಾರಿ ಅಂದ ತಕ್ಷಣ ನಮ್ಮಲ್ಲಿ ಮುಖ ಸಣ್ಣದಾಗುತ್ತದೆ, ಆದರೆ ಇಲ್ಲಿ ಡಾಕ್ಟರ ಮಕ್ಕಳೂ ಬಸ್ ಡ್ರೈವರ್ ಮಕ್ಕಳೂ ಬಹುಪಾಲು ಅಲ್ಲೇ ಓದುವುದು. ಡೊನೇಶನ್ ಕೇಳುವ ಹಾಗಿಲ್ಲ, ಅಪ್ಪ ಅಮ್ಮನ ಇಂಟರ್‌ವ್ಯೂ ಮಾಡುವ ಹಾಗಿಲ್ಲ. ವಿಸಿಟರ್ ವೀಸಾದಲ್ಲಿ ಬಂದು ಮಕ್ಕಳನ್ನು ಸೇರಿಸುವ ಯೋಚನೆ ಬೇಡ. ಚೈಲ್ಡ್ ಸ್ಟೂಡೆಂಟ್ ವೀಸಾ ಇದ್ದರೆ ಫೀ ಕಟ್ಟುವ ಖಾಸಗಿ ಸ್ಕೂಲು ಮಾತ್ರ.

ಸರ್ಕಾರಿ ಸ್ಕೂಲುಗಳಲ್ಲಿ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ ನಡೆಸುವವು ಇವೆ, ಸರ್ಕಾರದ ದುಡ್ಡಿದ್ದರೂ ಕೌನ್ಸಿಲ್ ಕೈಯಲ್ಲಿ ಇಲ್ಲದ ಅಕಾಡೆಮಿ ಅನ್ನುವವು ಇವೆ. ನಿಮಗೆ ಬೇಕಾದ ವ್ಯತ್ಯಾಸ ಇಷ್ಟೇ, ಅರ್ಜಿ ಯಾರಿಗೆ ಕೊಡಬೇಕು ಅನ್ನುವುದು. ಚರ್ಚ್‌ಗೆ ಸೇರಿದ ಸ್ಕೂಲುಗಳೂ ಇವೆ. ಜಾಸ್ತಿ ಜನ ಕೇಳುವ ಕಡೆ ತಮ್ಮ ಧರ್ಮದವರಿಗೆ ಮೊದಲ ಜಾಗ ಕೊಡಬಹುದು, ಸೀಟು ಉಳಿದಿದ್ದರೆ ಎಲ್ಲರಿಗೂ ಕೊಡಬೇಕು. ಬೇರೆ ಧರ್ಮದ್ದು ಅಂತ ಬಿಟ್ಟುಬಿಡಬೇಡಿ, ಕೇಳಿ ನೋಡಿ.

ಇನ್ನು ಗ್ರಾಮರ್ ಸ್ಕೂಲ್, ಅಂದರೆ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಸ್ಕೂಲು. ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಇದರದ್ದೇ ಮಾತು. ಇಡೀ ಇಂಗ್ಲೆಂಡಿನಲ್ಲಿ ಇರುವುದು 163. ಕೆಂಟ್, ಬಕಿಂಗ್‌ಹ್ಯಾಮ್‌ಷೈರ್, ಲಿಂಕನ್‌ಷೈರ್ ಕಡೆ ಜಾಸ್ತಿ, ಸ್ಲೌ ಊರಿನಲ್ಲಿ ನಾಲ್ಕು, ರೆಡಿಂಗ್‌ನಲ್ಲಿ ಎರಡು, ಎಷ್ಟೋ ಕೌಂಟಿಗಳಲ್ಲಿ ಒಂದೂ ಇಲ್ಲ. ಸೇರಲು ಪರೀಕ್ಷೆ ಬರೆಯಬೇಕು, ಆ ಪರೀಕ್ಷೆ ಇಯರ್ 7ಕ್ಕೆ ಸೇರುವ ಮಕ್ಕಳಿಗೆ, ಒಂದು ವರ್ಷ ಮೊದಲೇ ನಡೆದುಹೋಗಿರುತ್ತದೆ. ಇಯರ್ 9ಕ್ಕೆ ಬರುವ ಮಗುವಿಗೆ ಯಾರಾದರೂ ಬಿಟ್ಟುಹೋಗಿ ಸೀಟು ಖಾಲಿ ಆದರೆ ಮಾತ್ರ ದಾರಿ, ಅದಕ್ಕೂ ಸ್ಕೂಲು ಟೆಸ್ಟ್ ಇಡುತ್ತದೆ. ಅದನ್ನೇ ನಂಬಿ ಊರು ಆರಿಸಬೇಡಿ. ಇಯರ್ 12ಕ್ಕೆ ಹೊರಗಿನ ಮಕ್ಕಳನ್ನು ಸೇರಿಸಿಕೊಳ್ಳುವ ಗ್ರಾಮರ್ ಸ್ಕೂಲುಗಳು ತುಂಬ ಇವೆ, ಆಸೆ ಇದ್ದರೆ ಆಗ ನೋಡಬಹುದು.

ಖಾಸಗಿ ಸ್ಕೂಲುಗಳಿಗೆ 2025ರ ಜನವರಿ 1ರಿಂದ ಫೀ ಮೇಲೆ 20% ವ್ಯಾಟ್ ಬಂದಿದೆ. ಕಂಪನಿ ಕಟ್ಟುತ್ತದೆ ಅಂದರೆ ಸರಿ. ನಿಮ್ಮ ಸಂಬಳದಲ್ಲೇ ಕಟ್ಟಬೇಕು ಅಂದರೆ ಮೊದಲು ಒಂದು ವರ್ಷ ಇಲ್ಲಿ ಬದುಕಿ ನೋಡಿ, ಆಮೇಲೆ ಯೋಚಿಸಿ.

ಸೀಟು ಎಲ್ಲಿದೆ ಅಂತ ಫೋನ್ ಮಾಡಿ ಕೇಳುವುದು

ಇಯರ್ 7ಕ್ಕೆ ಸೇರುವವರಿಗೆ ಒಂದು ಕ್ಯಾಲೆಂಡರ್ ಇದೆ: ಹಿಂದಿನ ವರ್ಷದ ಅಕ್ಟೋಬರ್ 31ರೊಳಗೆ ಅರ್ಜಿ, ಮಾರ್ಚ್ 1ಕ್ಕೆ ಫಲಿತಾಂಶ. ಕನಿಷ್ಠ ಮೂರು ಸ್ಕೂಲುಗಳ ಹೆಸರು ಕೊಡಬಹುದು, ಲಂಡನ್‌ನಲ್ಲಿ ಆರು. ನಿಮ್ಮ ಮಗು ಈಗ ಹತ್ತು ಹನ್ನೊಂದರ ವಯಸ್ಸಿನದಾದರೆ ಈ ದಿನಾಂಕ ಗೋಡೆ ಮೇಲೆ ಬರೆದುಕೊಳ್ಳಿ.

ಉಳಿದ ನಮ್ಮಂಥವರದ್ದೆಲ್ಲ ಇನ್-ಇಯರ್ ಅಡ್ಮಿಷನ್. ವರ್ಷದ ಮಧ್ಯೆ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಇಲ್ಲಿ ಸ್ಕೂಲಿನ ಹೆಸರಿಗಿಂತ ಮುಖ್ಯ ಒಂದೇ ಪ್ರಶ್ನೆ: ನಮ್ಮ ಮಗುವಿನ ಇಯರ್‌ನಲ್ಲಿ ಸೀಟು ಖಾಲಿ ಇದೆಯಾ? ಯಾವ ಸ್ಕೂಲಿನಲ್ಲಿ ಸೀಟಿದೆ ಅಂತ ಕೇಳಿದರೆ ಕೌನ್ಸಿಲ್ ಹೇಳಲೇಬೇಕು, ಅದು ನಿಯಮ. ಮೊಬೈಲಿನಲ್ಲಿ ಇಂಟರ್‌ನ್ಯಾಷನಲ್ ಕಾಲ್‌ಗೆ ದುಡ್ಡು ಹಾಕಿಸಿಕೊಳ್ಳಿ, ಭಾರತದಲ್ಲಿ ಮಧ್ಯಾಹ್ನ ಎರಡೂವರೆ ಆದ ಮೇಲೆ ಇಲ್ಲಿ ಆಫೀಸ್ ಸಮಯ. ಕೆಲಸದ ಜಾಗಕ್ಕೆ ಹೋಗಿಬರಲು ಆಗುವ ಎರಡು ಮೂರು ಕೌನ್ಸಿಲ್‌ಗಳ ಸ್ಕೂಲ್ ಅಡ್ಮಿಷನ್ಸ್ ವಿಭಾಗಕ್ಕೆ ಮಾಡಿ. ಆಮೇಲೆ ನಾಲ್ಕೈದು ಸ್ಕೂಲುಗಳಿಗೆ ನೇರವಾಗಿ ಮಾಡಿ, ಅಡ್ಮಿಷನ್ಸ್ ಆಫೀಸರ್ ಬೇಕು ಅನ್ನಿ.

ಕೇಳಬೇಕಾದ್ದು ಇಷ್ಟು. ಆ ಇಯರ್‌ನಲ್ಲಿ ಈಗ ಸೀಟಿದೆಯಾ, ಇಲ್ಲದಿದ್ದರೆ ವೇಟಿಂಗ್ ಲಿಸ್ಟ್‌ನಲ್ಲಿ ಎಷ್ಟು ಜನ. ಅರ್ಜಿ ಕೌನ್ಸಿಲ್‌ಗಾ, ನಿಮಗೇ ನೇರವಾಗಿಯಾ. ವಿದೇಶದಲ್ಲಿದ್ದಾಗಲೇ ಅರ್ಜಿ ತೆಗೆದುಕೊಳ್ಳುತ್ತೀರಾ, ಇಲ್ಲಾ ವಿಳಾಸ ಆದ ಮೇಲೇನಾ. ಇಯರ್ 9 ಮೇಲಾದರೆ ಆಪ್ಷನ್ಸ್ ಯಾವಾಗ ಆರಿಸುತ್ತಾರೆ, ಈಗ ಯಾವ ಆಪ್ಷನ್‌ನಲ್ಲಿ ಜಾಗ ಇದೆ, ಟ್ರಿಪಲ್ ಸೈನ್ಸ್ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇರೆ ಬೇರೆ ವಿಷಯವಾಗಿ) ಇದೆಯಾ. ಪರೀಕ್ಷೆ ನಡೆಸುವ ಬೋರ್ಡುಗಳು ಬೇರೆ ಬೇರೆ, ಎಕ್ಯೂಎ, ಎಡೆಕ್ಸೆಲ್, ಒಸಿಆರ್, ಎಡುಕಾಸ್ ಅಂತ, ಸ್ಕೂಲು ಒಂದೊಂದು ವಿಷಯಕ್ಕೆ ಒಂದೊಂದು ಇಟ್ಟುಕೊಂಡಿರಬಹುದು, ಅದನ್ನೂ ಬರೆದುಕೊಳ್ಳಿ. ಗಣಿತಕ್ಕೆ ಯಾವ ಗುಂಪಿಗೆ ಹಾಕುತ್ತಾರೆ ಅಂತಲೂ ಕೇಳಿ, ಯಾಕೆಂದರೆ ಫೌಂಡೇಶನ್ ಅನ್ನುವ ಸುಲಭ ಮಟ್ಟದ ಪೇಪರ್ ಬರೆದರೆ ಎಷ್ಟೇ ಚೆನ್ನಾಗಿ ಬರೆದರೂ 5ಕ್ಕಿಂತ ಮೇಲಿನ ಗ್ರೇಡ್ ಸಿಗುವುದಿಲ್ಲ. ನಮ್ಮ ಸಿಲಬಸ್ ಬೇರೆ ಕ್ರಮದಲ್ಲಿ ಬರುವುದರಿಂದ ಮೊದಲ ವಾರದ ಟೆಸ್ಟ್‌ನಲ್ಲಿ ಮಗು ಮಂಕಾಗಿ ಕಂಡರೆ ಕೆಳಗಿನ ಗುಂಪಿಗೆ ಹೋಗಬಹುದು, ಒಂದು ಟರ್ಮ್ ಆದ ಮೇಲೆ ಮತ್ತೆ ನೋಡಿ ಅಂತ ಕೇಳುವ ಹಕ್ಕು ನಿಮಗಿದೆ ಅಲ್ವಾ, ಸಂಕೋಚ ಬೇಡ.

ಮಗುವಿಗೆ ಕಲಿಕೆಯ ತೊಂದರೆ, ಆಟಿಸಂ, ಡಿಸ್ಲೆಕ್ಸಿಯಾ ಏನಾದರೂ ಇದ್ದರೆ ಸೆಂಕೋ ಅನ್ನುವ ಟೀಚರ್ ಜೊತೆ ಮಾತಾಡಬೇಕು ಅಂತ ಹೇಳಿ. ಅಲ್ಲಿನ ಡಾಕ್ಟರ್ ವರದಿಗಳನ್ನೆಲ್ಲ ತನ್ನಿ. ಮುಚ್ಚಿಡಬೇಡಿ, ಇಲ್ಲಿ ಅದರಿಂದ ಸೀಟು ತಪ್ಪುವುದಿಲ್ಲ, ಸಹಾಯ ಸಿಗುತ್ತದೆ.

ಈಗ ಮನೆ, ಆಮೇಲೆ ಅರ್ಜಿ

ತೊಡಕು ಇರುವುದು ಇಲ್ಲೇ. ವಿಳಾಸ ಇಲ್ಲದೆ ಎಷ್ಟೋ ಕೌನ್ಸಿಲ್‌ಗಳು ಸೀಟು ಕೊಡುವುದಿಲ್ಲ, ಸೀಟು ಗೊತ್ತಿಲ್ಲದೆ ಮನೆ ಮಾಡಿದರೆ ನಮ್ಮ ಹಾಗಾಗುತ್ತದೆ. ನಾನು ಈಗ ಹೊಸಬರಿಗೆ ಹೇಳುವುದು ಹೀಗೆ. ಒಂದೇ ಹೆಸರಾಂತ ಸ್ಕೂಲಿನ ಬಾಗಿಲಿಗೆ ಅಂಟಿಕೊಂಡ ಮನೆ ಬೇಡ. ನಿಮಗೆ ಒಪ್ಪಿಗೆಯಾಗುವ ಮೂರು ಸ್ಕೂಲುಗಳಿಗೆ ಬಸ್ಸಿನಲ್ಲೋ ನಡೆದೋ ಹೋಗಲು ಆಗುವ ಜಾಗ ಹುಡುಕಿ, ಅದರಲ್ಲಿ ಒಂದರಲ್ಲಾದರೂ ನಿಮ್ಮ ಇಯರ್‌ನ ಸೀಟು ಖಾಲಿ ಇರಬೇಕು. ಬಂದ ಮೊದಲ ಮೂರು ನಾಲ್ಕು ವಾರ ತಾತ್ಕಾಲಿಕ ಮನೆಯಲ್ಲಿದ್ದು, ಖುದ್ದು ನೋಡಿ, ಆಮೇಲೆ ಬಾಡಿಗೆ ಪತ್ರಕ್ಕೆ ಸಹಿ ಹಾಕಿ. ಸಹಿಯಾದ ದಿನವೇ ಅರ್ಜಿ.

ಜಾಸ್ತಿ ಜನ ಕೇಳುವ ಸ್ಕೂಲಿನಲ್ಲಿ ಒಡಹುಟ್ಟಿದವರು ಅಲ್ಲೇ ಓದುತ್ತಿದ್ದರೆ ಮುಂದೆ ಬರುತ್ತಾರೆ, ಆಮೇಲೆ ಹೆಚ್ಚಾಗಿ ದೂರದ ಲೆಕ್ಕ. ಸಾಮಾನ್ಯವಾಗಿ ರಸ್ತೆ ದೂರ ಅಲ್ಲ, ನಕ್ಷೆಯ ಮೇಲೆ ನೇರ ಗೆರೆ ಎಳೆದ ದೂರ. ಕಳೆದ ವರ್ಷ ಎಷ್ಟು ದೂರದವರೆಗೆ ಸೀಟು ಸಿಕ್ಕಿತ್ತು ಅಂತ ಹಲವು ಕೌನ್ಸಿಲ್‌ಗಳು ಪ್ರಕಟಿಸುತ್ತವೆ. ವೇಟಿಂಗ್ ಲಿಸ್ಟ್ ಕೂಡ ಮೊದಲು ಬಂದವರಿಗೆ ಮೊದಲು ಅಲ್ಲ. ನಿಮಗಿಂತ ಹತ್ತಿರದವರು ನಾಳೆ ಬಂದು ಸೇರಿದರೆ ನೀವು ಕೆಳಗೆ ಇಳಿಯುತ್ತೀರಿ.

ಕೈಚೀಲದಲ್ಲಿ ಇವು ಇರಲಿ: ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಕಳೆದ ಎರಡು ವರ್ಷದ ಮಾರ್ಕ್ಸ್ ಕಾರ್ಡ್, ಟಿಸಿ, ಹಳೇ ಸ್ಕೂಲಿನಿಂದ ಒಂದು ಪತ್ರ, ಲಸಿಕೆ ವಿವರ. ಮಗುವಿನ ಗಣಿತ ಮತ್ತು ವಿಜ್ಞಾನದ ನೋಟ್‌ಬುಕ್ಕುಗಳನ್ನೂ ತನ್ನಿ. ನಮ್ಮ ಮಗಳನ್ನು ಯಾವ ಗುಂಪಿಗೆ ಹಾಕುವುದು ಅಂತ ಟೀಚರ್ ನೋಡಿದ್ದು ಆ ನೋಟ್‌ಬುಕ್ಕನ್ನೇ.

ಫಾರ್ಮ್‌ನಲ್ಲಿ ಮನೆಭಾಷೆ ಯಾವುದು ಅಂತ ಕೇಳುತ್ತಾರೆ. ಕನ್ನಡ ಅಂತಲೇ ಬರೆಯಿರಿ. ಇಂಗ್ಲಿಷ್ ಅಂತ ಬರೆದರೆ ಒಳ್ಳೆಯದು ಅಂದುಕೊಂಡು ಎಷ್ಟೋ ಜನ ತಪ್ಪು ಬರೆಯುತ್ತಾರೆ. ಕನ್ನಡ ಅಂತ ಇದ್ದರೆ ಇಂಗ್ಲಿಷ್ ಬರವಣಿಗೆಗೆ ಬೇಕಾದ ಸಹಾಯ ಕೊಡಬೇಕು ಅನ್ನುವುದು ಸ್ಕೂಲಿಗೆ ಗೊತ್ತಾಗುತ್ತದೆ. ಕನ್ನಡಕ್ಕೆ ಇಲ್ಲಿ ಜಿಸಿಎಸ್‌ಇ ಇಲ್ಲ, ಅದು ನನಗೆ ಈಗಲೂ ನೋವಿನ ಸಂಗತಿ. ಓದು ಬರಹ ಮರೆಯದ ಹಾಗೆ ಮನೆಯಲ್ಲೇ ನೋಡಿಕೊಳ್ಳಬೇಕು, ವಾರಾಂತ್ಯದ ಕನ್ನಡ ತರಗತಿ ಹತ್ತಿರ ಇದ್ದರೆ ಸೇರಿಸಿ.

ಅರ್ಜಿ ಕೊಟ್ಟ ಮೇಲೆ ಹೆಚ್ಚೆಂದರೆ 15 ಶಾಲಾ ದಿನಗಳಲ್ಲಿ ಬರವಣಿಗೆಯಲ್ಲಿ ಉತ್ತರ ಬರಬೇಕು. ಶಾಲಾ ದಿನ ಅನ್ನುವುದನ್ನು ಗಮನಿಸಿ. ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ರಜ, ಆ ದಿನಗಳು ಲೆಕ್ಕಕ್ಕೇ ಇಲ್ಲ. ಏಪ್ರಿಲ್, ಮೇ ರಜೆಯಲ್ಲಿ ಆರಾಮಾಗಿ ಇದ್ದು ಜುಲೈ ಕೊನೆಗೆ ಬಂದವರು ಸುಮ್ನೆ ಒಂದೂವರೆ ತಿಂಗಳು ಕಾಯುತ್ತಾರೆ. ಜೂನ್‌ನಲ್ಲೇ ಬಂದುಬಿಡಿ.

ಯಾವ ಸ್ಕೂಲು ಚೆನ್ನಾಗಿದೆ ಅಂತ ಹೇಗೆ ತಿಳಿಯುವುದು?

ಸ್ಕೂಲುಗಳ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ನ ವರದಿ ಓದಿ, ಆದರೆ ಒಂದು ಪದ ನೋಡಿ ತೀರ್ಮಾನ ಮಾಡಬೇಡಿ. 'ಔಟ್‌ಸ್ಟ್ಯಾಂಡಿಂಗ್' ಅಂತ ಇಡೀ ಸ್ಕೂಲಿಗೆ ಒಂದು ಪದ ಕೊಡುವುದನ್ನು 2024ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದರು, 2025ರ ನವೆಂಬರ್‌ನಿಂದ ಹೊಸ ಥರದ ರಿಪೋರ್ಟ್ ಕಾರ್ಡ್ ಬಂದಿದೆ, ಒಂದೊಂದು ವಿಷಯಕ್ಕೂ ಬೇರೆ ಬೇರೆ ಅಂಕಣ. ಬಾಡಿಗೆ ಏಜೆಂಟ್ ಇನ್ನೂ ಹಳೇ ಪದ ಹೇಳುತ್ತಿರಬಹುದು, ವರದಿಯ ತಾರೀಕು ನೋಡಿ.

ಸರ್ಕಾರದ ತಾಣದಲ್ಲಿ ಎಲ್ಲ ಸ್ಕೂಲುಗಳ ಫಲಿತಾಂಶ ಹೋಲಿಸಬಹುದು. ಅಲ್ಲಿ ಪ್ರೋಗ್ರೆಸ್ 8 ಅಂತ ಒಂದು ಅಂಕಿ ಇದೆ. ಸೇರಿದಾಗ ಹೇಗಿದ್ದ ಮಗು ಎಷ್ಟು ಮುಂದೆ ಬಂತು ಅನ್ನುವ ಅಳತೆ, ಸೊನ್ನೆ ಅಂದರೆ ಸುಮಾರು ದೇಶದ ಸರಾಸರಿ, ಅದಕ್ಕಿಂತ ಮೇಲೆ ಇದ್ದರೆ ಒಳ್ಳೆಯದು. ಜಾಣ ಮಕ್ಕಳನ್ನೇ ಆರಿಸಿಕೊಂಡ ಸ್ಕೂಲಿಗೂ ಎಲ್ಲರನ್ನೂ ಸೇರಿಸಿಕೊಳ್ಳುವ ಸ್ಕೂಲಿಗೂ ಇರುವ ವ್ಯತ್ಯಾಸ ಇದರಲ್ಲಿ ಸ್ವಲ್ಪ ತಿಳಿಯುತ್ತದೆ. ಕೋವಿಡ್ ಸಮಯದಲ್ಲಿ ಪ್ರೈಮರಿ ಪರೀಕ್ಷೆ ನಡೆಯದ ಕಾರಣ 2025 ಮತ್ತು 2026ರ ಫಲಿತಾಂಶಕ್ಕೆ ಈ ಅಂಕಿ ಇಲ್ಲ, 2024ರದ್ದು ನೋಡಿ.

ಅಂಕಿಗಿಂತ ಜಾಸ್ತಿ ನಾನು ನಂಬುವುದು ಮಧ್ಯಾಹ್ನ ಮೂರೂಕಾಲಿಗೆ ಸ್ಕೂಲಿನ ಗೇಟಿನ ಹತ್ತಿರ ನಿಂತು ನೋಡುವುದನ್ನು. ಮಕ್ಕಳು ಹೇಗೆ ಹೊರಗೆ ಬರುತ್ತಾರೆ, ಟೀಚರ್ ಯಾರಾದರೂ ನಿಂತಿರುತ್ತಾರಾ, ಬಸ್ ಸ್ಟಾಪಿನಲ್ಲಿ ಹೇಗಿರುತ್ತಾರೆ. ಸ್ಕೂಲಿನ ಒಳಗೆ ನೋಡಲು ಅವಕಾಶ ಕೇಳಿ, ಮಗುವನ್ನೂ ಕರೆದುಕೊಂಡು ಹೋಗಿ. ಹದಿಮೂರು ಹದಿನಾಲ್ಕರ ಮಗುವನ್ನು ಕೇಳದೆ ನಾವೇ ತೀರ್ಮಾನ ಮಾಡಿದರೆ ಅದು ಸರಿ ಹೋಗುವುದಿಲ್ಲ. ಊರು, ಗೆಳೆಯರು, ಅಜ್ಜಿ ಎಲ್ಲರನ್ನೂ ಬಿಟ್ಟು ಬಂದಿರುವುದು ಅವರು.

ಸೀಟು ಇಲ್ಲ ಅಂದರೆ

ನೀವು ಕೇಳಿದ ಸ್ಕೂಲಿನಲ್ಲಿ ಇಲ್ಲ ಅಂದರೆ ಕೌನ್ಸಿಲ್ ಬೇರೆ ಕಡೆ ತೋರಿಸಬಹುದು. ಅದನ್ನು ಒಪ್ಪಿಕೊಂಡು, ಬೇಕಾದ ಸ್ಕೂಲಿನ ವೇಟಿಂಗ್ ಲಿಸ್ಟ್‌ನಲ್ಲೂ ಇರಿ. ಒಪ್ಪಿಕೊಂಡರೆ ಲಿಸ್ಟ್‌ನಿಂದ ಹೆಸರು ಹೋಗುತ್ತದೆ ಅನ್ನುವ ಭಯ ಬೇಡ. ಮೇಲ್ಮನವಿ ಹಾಕುವ ಹಕ್ಕೂ ಇದೆ, ಸ್ಕೂಲಿಗೆ ಸೇರದ ಬೇರೆ ಮೂವರ ಮುಂದೆ ವಿಚಾರಣೆ, 30 ಶಾಲಾ ದಿನಗಳೊಳಗೆ ಆಗಬೇಕು. "ನಮಗೆ ಇದು ಇಷ್ಟ" ಅಂದರೆ ಸಾಲದು, ಈ ಮಗುವಿಗೆ ಈ ಸ್ಕೂಲೇ ಯಾಕೆ ಬೇಕು ಅಂತ ಕಾಗದ ಪತ್ರದ ಜೊತೆ ಹೇಳಬೇಕು. ಸೀಟು ಖಾಲಿ ಇದ್ದೂ, ಇಯರ್ 10ರ ಮಧ್ಯೆ ಬಂದಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ಬೇಡ ಅನ್ನುವ ಹಾಗಿಲ್ಲ. ಹಾಗೆ ಫೋನಿನಲ್ಲಿ ಹೇಳಿದರೆ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಎಲ್ಲೂ ಸಿಗದೆ ಮಗು ನಾಲ್ಕು ವಾರ ಮನೆಯಲ್ಲೇ ಉಳಿದರೆ ಫೇರ್ ಆಕ್ಸೆಸ್ ಪ್ರೋಟೋಕಾಲ್ (ಹೀಗೆ ಉಳಿದ ಮಕ್ಕಳಿಗೆ ಸೀಟು ಕೊಡಿಸುವ ವ್ಯವಸ್ಥೆ) ಅನ್ನುವ ಹೆಸರು ಹೇಳಿ ಕೌನ್ಸಿಲ್‌ಗೆ ಬರೆಯಿರಿ. ಆ ಮೂರು ಪದ ನನಗೆ ಗೊತ್ತಿದ್ದರೆ ಆರು ವಾರ ಕಾಯುತ್ತಿರಲಿಲ್ಲ.

ಯೂನಿವರ್ಸಿಟಿ ಫೀ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಇಲ್ಲಿನ ಸ್ಕೂಲಿನಲ್ಲಿ ಓದಿದ ಮಾತ್ರಕ್ಕೆ ಇಲ್ಲಿನವರ ಫೀ ಸಿಗುವುದಿಲ್ಲ. ಸಾಮಾನ್ಯವಾಗಿ ಕೋರ್ಸ್ ಶುರುವಾಗುವ ಹೊತ್ತಿಗೆ ಇಲ್ಲೇ ನೆಲೆಸುವ ಪರ್ಮನೆಂಟ್ ಅನುಮತಿ ಇರಬೇಕು, ಜೊತೆಗೆ ಕೋರ್ಸಿಗೆ ಹಿಂದಿನ ಮೂರು ವರ್ಷ ಇಲ್ಲೇ ಇದ್ದಿರಬೇಕು. ಇಯರ್ 10ಕ್ಕೋ 12ಕ್ಕೋ ಬರುವ ಮಕ್ಕಳಿಗೆ ಇದು ಕೂಡಿ ಬರುವುದು ಕಷ್ಟ. ಬರುವ ಮೊದಲೇ ಮನೆಯಲ್ಲಿ ಕೂತು ಈ ಲೆಕ್ಕ ಮಾಡಿ.

ಸೇರಿದ ಮೇಲೆ

ಬ್ಲೇಜರ್, ಟೈ, ಕಪ್ಪು ಶೂ ಬೇಕು. ಹೊಸದೇ ಕೊಳ್ಳಬೇಕಿಲ್ಲ, ಸ್ಕೂಲಿನಲ್ಲೇ ಹಳೇ ಯೂನಿಫಾರ್ಮ್ ಕಡಿಮೆ ಬೆಲೆಗೆ ಸಿಗುವುದುಂಟು, ಕೇಳಲು ನಾಚಿಕೆ ಬೇಡ, ಎಲ್ಲರೂ ಕೇಳುತ್ತಾರೆ. ಲಂಡನ್‌ನಲ್ಲಿ 11ರಿಂದ 15ರ ಮಕ್ಕಳಿಗೆ ಜಿಪ್ ಕಾರ್ಡ್ ಮಾಡಿಸಿದರೆ ಬಸ್ ಉಚಿತ. ಬೇರೆ ಕಡೆ, ಹತ್ತಿರದ ಸೂಕ್ತ ಸ್ಕೂಲೇ ಮೂರು ಮೈಲಿಗಿಂತ ದೂರ ಇದ್ದರೆ ಕೌನ್ಸಿಲ್ ಉಚಿತವಾಗಿ ಕರೆದೊಯ್ಯಬೇಕು.

ಊರಿನ ಮದುವೆಗೆ, ಗೃಹಪ್ರವೇಶಕ್ಕೆ ಅಂತ ಟರ್ಮ್ ಮಧ್ಯೆ ಟಿಕೆಟ್ ಮಾಡಬೇಡಿ. ಅನುಮತಿ ಇಲ್ಲದೆ ಐದು ದಿನ ತಪ್ಪಿಸಿದರೆ ಒಂದು ಮಗುವಿಗೆ ಒಬ್ಬೊಬ್ಬ ಪೋಷಕರಿಗೂ 80 ಪೌಂಡ್ ದಂಡ ಬರಬಹುದು, 21 ದಿನದಲ್ಲಿ ಕಟ್ಟದಿದ್ದರೆ 160. ದುಡ್ಡಿಗಿಂತ ಆ ಐದು ದಿನದ ಪಾಠ ಮುಖ್ಯ.

ಸೇರುವ ಮುಂಚಿನ ಭಾನುವಾರ ಮಗುವಿನ ಜೊತೆ ಅದೇ ಬಸ್ಸಿನಲ್ಲಿ ಒಮ್ಮೆ ಹೋಗಿಬನ್ನಿ. ಮೂರನೇ ವಾರಕ್ಕೆ ಹೆಡ್ ಆಫ್ ಇಯರ್‌ಗೆ ಒಂದು ಚಿಕ್ಕ ಈಮೇಲ್ ಬರೆಯಿರಿ. ಮಾರ್ಕ್ಸ್ ಬಗ್ಗೆ ಬೇಡ. ಊಟದ ಹೊತ್ತಿನಲ್ಲಿ ನಮ್ಮ ಮಗು ಯಾರ ಜೊತೆ ಕೂರುತ್ತದೆ ಅಂತ ಕೇಳಿ. ನಾನು ಕೇಳಿದಾಗ, ಲೈಬ್ರರಿಯಲ್ಲಿ ಒಬ್ಬಳೇ ಕೂತಿರುತ್ತಾಳೆ ಅಂತ ಉತ್ತರ ಬಂತು. ಮಾರನೇ ದಿನವೇ ಅವಳ ಕ್ಲಾಸಿನ ಇಬ್ಬರು ಹುಡುಗಿಯರನ್ನು ಅವಳ ಜೊತೆ ಮಾಡಿದರು. ಅದರಲ್ಲಿ ಒಬ್ಬಳು ಈಗ ಪ್ರತಿ ಶನಿವಾರ ನಮ್ಮ ಮನೆಗೆ ದೋಸೆಗೆ ಬರುತ್ತಾಳೆ.